ಸೋಫಾ ಯಜಮಾನರ ಸೈಕಲ್ ಸೀಟು

ಊರಿನ ಮುಕ್ಕಾಲು ಪಾಲು ಜನರನ್ನು ಮೆತ್ತಗೆ ಕೂರಿಸಿದ ಮನುಷ್ಯ ಅವತ್ತು ಬೆಳಿಗ್ಗೆ ಅಡುಗೆಮನೆಯ ಗೋಡೆಗೆ ಒರಗಿ, ನಿಂತುಕೊಂಡೇ ಕಾಫಿ ಕುಡಿಯುತ್ತಿದ್ದರು. ಒರಗಿದ್ದು ಕೂಡ ಭುಜದಿಂದ ಮಾತ್ರ. ಅದಕ್ಕಿಂತ ಕೆಳಗಿನ ಭಾಗವನ್ನು ಯಾವುದಕ್ಕೂ ತಾಗಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ.

"ಕೂತ್ಕೊಂಡು ಕುಡೀರಿ," ಎಂದರು ಹೆಂಡತಿ.

"ನಿಂತು ಕುಡಿದ್ರೆ ಸಲೀಸಾಗಿ ಇಳಿಯುತ್ತೆ."

"ಏನಿಳಿಯುತ್ತೆ, ಕಾಫಿನಾ ಹಟನಾ?"

"ಕಾಫಿ," ಎಂದರು ಯಜಮಾನರು. ಹಟ ಇಳಿಯುವುದಕ್ಕೆ ಇನ್ನೂ ಇಪ್ಪತ್ತಾರು ದಿನವಿತ್ತು.

ಇವರನ್ನು ಊರೆಲ್ಲ ಸೋಫಾ ಯಜಮಾನರು ಎಂದು ಕರೆಯುತ್ತದೆ. ದೊಡ್ಡ ರಸ್ತೆಯ ತಿರುವಿನಲ್ಲಿ ಅವರದೊಂದು ಅಂಗಡಿ. ಕಾಲಿಟ್ಟರೆ ಫೋಮು, ರೆಕ್ಸಿನ್, ನಾರು, ಅಂಟು ಎಲ್ಲ ಸೇರಿದ ಒಂದು ವಾಸನೆ. ಹಲ್ಲಿನ ಡಾಕ್ಟರ ಮಲಗುಕುರ್ಚಿ, ಕ್ಷೌರದಂಗಡಿಯ ತಿರುಗುಕುರ್ಚಿ, ಬ್ಯಾಂಕ್ ಮ್ಯಾನೇಜರ ಗತ್ತಿನ ಕುರ್ಚಿ, ಎಲ್ಲಕ್ಕೂ ಮೈ ತುಂಬಿಸಿದವರು ಇವರೇ. "ನನ್ನ ಸೀಟಿನಿಂದ ಎದ್ದವರು ಯಾರೂ 'ಅಮ್ಮಾ' ಅಂದಿಲ್ಲ. 'ಏಳಬೇಕಲ್ಲಪ್ಪಾ' ಅಂದಿದ್ದಾರೆ," ಎಂಬುದು ಅವರ ಹೆಮ್ಮೆ. (ಹಲ್ಲಿನ ಡಾಕ್ಟರ ಕುರ್ಚಿಯಿಂದ ಎದ್ದವರು 'ಅಮ್ಮಾ' ಅನ್ನುವುದುಂಟು. ಅದು ಸೀಟಿನ ತಪ್ಪಲ್ಲ.)

ಆ ನಿಂತ ಕಾಫಿಗೆ ಕೆಲವು ದಿನ ಮೊದಲು, ಯಜಮಾನರು ಮನೆಯ ಹನ್ನೊಂದು ಮೆಟ್ಟಿಲು ಹತ್ತಿ ಹನ್ನೊಂದು ನಿಮಿಷ ಏದುಸಿರು ಬಿಟ್ಟರು. ಹೆಂಡತಿ ಅವರನ್ನು ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದರು. ಡಾಕ್ಟರಮ್ಮ ಕೂತಿದ್ದ ಕುರ್ಚಿಯೂ ಯಜಮಾನರದೇ ಕೈಕೆಲಸ; ಆದರೂ ಆಕೆ ಉಪ್ಪಿನ ಋಣ ನೋಡಲಿಲ್ಲ. ರಕ್ತ ನೋಡಿ, ಹೊಟ್ಟೆ ನೋಡಿ, ಹೇಳಿಯೇಬಿಟ್ಟರು.

"ಯಜಮಾನ್ರೇ, ನೀವು ಕೂತಿದ್ದು ಸಾಕು. ದಿನಾ ಬೆಳಿಗ್ಗೆ ಸೈಕಲ್ ತುಳೀರಿ. ಇಲ್ಲಾಂದ್ರೆ ಮುಂದಿನ ತಿಂಗಳಿಂದ ಮಾತ್ರೆ. ಶುರು ಮಾಡಿದ್ರೆ ಜನ್ಮಪೂರ್ತಿ."

ಮನೆಗೆ ಬಂದ ಹೆಂಡತಿ ಚಪ್ಪಲಿ ಬಿಟ್ಟವರೇ ನೇರವಾಗಿ ಅಪರಾಧಿಯ ಮುಂದೆ ಹೋಗಿ ನಿಂತರು. ಅಪರಾಧಿ ಎಂದರೆ ನಡುಮನೆಯ ಕಿಟಕಿ ಪಕ್ಕದಲ್ಲಿದ್ದ ದೊಡ್ಡ ಕುರ್ಚಿ. ಹತ್ತೊಂಬತ್ತು ವರ್ಷದ ಹಿಂದೆ ಯಜಮಾನರು ಸ್ವಂತ ಅಂಗಡಿ ತೆರೆದಾಗ ತಮಗಾಗಿ ಮಾಡಿಕೊಂಡ ಮೊದಲ ಮತ್ತು ಕಡೆಯ ಆಸನ ಅದು. ಗಿರಾಕಿಗಳ ಕೆಲಸದಲ್ಲಿ ಉಳಿದ ತುಂಡುಗಳಿಂದಲೇ ಅದರ ಮೈ ಮುಚ್ಚಿತ್ತು: ಎಡಗೈ ಹಸಿರು ಮಖಮಲ್ಲು, ಬಲಗೈ ಕಂದು ರೆಕ್ಸಿನ್, ಬೆನ್ನಿಗೆ ಯಾವುದೋ ಸಿನಿಮಾ ಮಂದಿರದ ಕೆಂಪು ಬಟ್ಟೆ. ಒಳಗೆ ಒಂಬತ್ತು ಸ್ಪ್ರಿಂಗು. ಸಂಜೆ ಅಂಗಡಿ ಮುಚ್ಚಿ ಬಂದು ಅದರಲ್ಲಿ ಇಳಿದರೆಂದರೆ ಊಟಕ್ಕೆ ಕರೆಯುವವರೆಗೆ ಮೇಲೆದ್ದ ದಾಖಲೆಯಿಲ್ಲ. ಆ ಕುರ್ಚಿಯ ಮೇಲೆ ಅವರಿಗಿದ್ದದ್ದು ಬರೀ ಅಭ್ಯಾಸವಲ್ಲ, ಪ್ರೀತಿ.

"ಇದು ಗುಜರಿಗೆ ಹೋಗ್ಲಿ," ಎಂದರು ಹೆಂಡತಿ. "ಈ ಜಾಗಕ್ಕೆ ಮಗಳ ಬೋರ್ಡು ಬರ್ಲಿ."

ಮಗಳು ಮನೆಗಳ ನಕ್ಷೆ ಬರೆಯುವುದನ್ನು ಕಲಿಯುತ್ತಿದ್ದಳು. ಬಾಗಿಲಿನಷ್ಟು ಅಗಲದ ಅವಳ ಡ್ರಾಯಿಂಗ್ ಬೋರ್ಡು ಹಗಲೆಲ್ಲ ಹಾಸಿಗೆಯ ಮೇಲೆ ಮಲಗಿರುತ್ತಿತ್ತು. ಇಡೀ ಊರಿಗೆ ಮನೆ ಬರೆಯಲು ಹೊರಟವಳಿಗೆ ಸ್ವಂತ ಮನೆಯಲ್ಲಿ ಎರಡು ಅಡಿ ಜಾಗವಿರಲಿಲ್ಲ.

"ಸೈಕಲ್ ತುಳೀತೀನಿ, ಬೇಡ ಅನ್ನಲ್ಲ. ಕುರ್ಚಿ ಮಾತ್ರ ಮುಟ್ಟಬೇಡ."

"ಎಷ್ಟು ದಿನ ತುಳೀತೀರಿ? ಹೋದ ವರ್ಷ ವಾಕಿಂಗ್‌ಗೆ ಅಂತ ಶೂ ತಂದ್ರಿ. ಅದರ ಅಡಿ ಇವತ್ತಿಗೂ ಬೆಳ್ಳಗಿದೆ."

"ಮೂವತ್ತು ದಿನ. ಒಂದು ದಿನಾನೂ ಬಿಡದೆ."

"ಬಿಟ್ರೆ?"

"ಬಿಟ್ರೆ ಗುಜರಿ ಗಾಡಿಗೆ ನಾನೇ ಕೈಯಾರೆ ಎತ್ತಿಡ್ತೀನಿ. ಬಿಡದೆ ಇದ್ರೆ, ಆಮೇಲೆ ಈ ಕುರ್ಚಿ ವಿಷಯ ಈ ಮನೇಲಿ ಯಾರೂ ಎತ್ತಬಾರ್ದು."

"ಆಯ್ತು. ನೀರಿನ ಟ್ಯಾಂಕಿನ ತನಕ ಹೋಗಿ ಬರ್ಬೇಕು. ಕೂತ್ಕೊಂಡೇ ಹೋಗ್ಬೇಕು. ಇಳಿದು ತಳ್ಳಿದ್ರೆ ಲೆಕ್ಕಕ್ಕಿಲ್ಲ."

ಹೆಂಡತಿ ಲೈಬ್ರರಿಯಲ್ಲಿ ಕೆಲಸ ಮಾಡುವವರು. ಹದಿನಾಲ್ಕು ದಿನಕ್ಕೆ ಕೊಟ್ಟ ಪುಸ್ತಕ ಹದಿನೈದನೇ ದಿನ ಬಂದರೆ, ತಂದವರ ಕಣ್ಣಲ್ಲಿ ನೀರು ಬರಿಸಿ ಕಳಿಸುವ ಮೇಜು ಅವರದು. ಅವರು ಮೂವತ್ತು ಚೌಕದ ಒಂದು ಕಾರ್ಡು ಮಾಡಿ, ಮೇಲೆ 'ಕುರ್ಚಿ' ಎಂದು ಬರೆದು, ಲೈಬ್ರರಿಯಲ್ಲಿ ಬಳಸದೆ ಬಿಟ್ಟಿದ್ದ ಹಳೇ ತಾರೀಖಿನ ಮೊಹರನ್ನು ಮನೆಗೆ ತಂದರು. ಟ್ಯಾಂಕಿನ ಕಾವಲುಗಾರ ಪತ್ತೇದಾರಿ ಕಾದಂಬರಿಗಳ ಹುಚ್ಚ. ಲೈಬ್ರರಿಯಮ್ಮನ ದಯೆಯಿಲ್ಲದೆ ಅವನಿಗೆ ಕೊಲೆಗಾರ ಯಾರೆಂದು ತಿಳಿಯುವಂತಿರಲಿಲ್ಲ. ಹೀಗಾಗಿ ಟ್ಯಾಂಕಿನ ಕಡೆಯಿಂದಲೂ ಕಳ್ಳಾಟಕ್ಕೆ ದಾರಿಯಿರಲಿಲ್ಲ.

ಯಜಮಾನರು ಒಂದು ಹಳೇ ಸೈಕಲ್ ಕೊಂಡರು. ಕೊಂಡವರು ಮೊದಲು ಮಾಡಿದ ಕೆಲಸ, ಸೀಟಿನ ನಟ್ಟು ಸಡಿಲಿಸಿ ಅದನ್ನು ಪೂರ್ತಿ ಕೆಳಗಿಳಿಸಿದ್ದು. ಅವರ ಕಸುಬಿನಲ್ಲಿ ಅಲುಗಾಡಿಸಲಾಗದ ಒಂದು ಸೂತ್ರವಿದೆ: ಕೂತಾಗ ಎರಡೂ ಅಂಗಾಲು ನೆಲಕ್ಕೆ ಪೂರ್ತಿ ಊರಬೇಕು. ಊರದಿದ್ದರೆ ಅದು ಆಸನವೇ ಅಲ್ಲ, ಕೊಕ್ಕೆ. ಈ ಸೂತ್ರ ಹೇಳಿಕೊಟ್ಟದ್ದು ಅವರ ಗುರುಗಳು. ಮೂವತ್ತು ವರ್ಷದಲ್ಲಿ ಅದು ಒಮ್ಮೆಯೂ ಸುಳ್ಳಾಗಿರಲಿಲ್ಲ.

ಮೊದಲ ದಿನ ಹೊರಟಾಗ ಮಗಳು ಗೇಟಿನ ಹತ್ತಿರ ನಿಂತು ನೋಡಿದಳು. "ಅಪ್ಪಾ, ಮಂಡಿ ಕಿವಿಗೆ ತಾಗ್ತಿದೆ."

"ಅದು ಭದ್ರತೆ," ಎಂದರು ಯಜಮಾನರು.

ನಾಲ್ಕು ದಿನದಲ್ಲಿ ಅವರ ಆಸನ ಪ್ರದೇಶ ಏನಾಗಿತ್ತೆಂಬುದನ್ನು ಮರ್ಯಾದಸ್ಥರ ಓದಿಗೆ ಬರೆಯುವ ಹಾಗಿಲ್ಲ. ಕೂತರೆ ಉರಿ, ಎದ್ದರೆ ನೋವು, ಮಲಗಿದರೆ ಬೋರಲು. ಅಂಗಡಿಯಲ್ಲಿ ಗಿರಾಕಿಗಳಿಗೆ ಸೋಫಾ ತೋರಿಸುತ್ತ "ಕೂತು ನೋಡಿ, ಕೂತು ನೋಡಿ" ಎನ್ನುವಾಗ ಅವರ ದನಿಯಲ್ಲಿ ಹೊಟ್ಟೆಕಿಚ್ಚು ಕೇಳುತ್ತಿತ್ತು. ಆದರೂ ಒಂದು ದಿನ ಬಿಡೋಣ ಎಂಬ ಯೋಚನೆ ಅವರ ತಲೆಯೊಳಗೆ ಇಣುಕಲಿಲ್ಲ. ಅವರಿಗೆ ಬಂದದ್ದು ಬೇರೆ ಯೋಚನೆ: 'ಅಂಗೈಯಗಲದ ಒಂದು ಚರ್ಮದ ತುಂಡು ನನ್ನನ್ನು ಸೋಲಿಸುವುದೇ? ನಾನು ಯಾರು, ನನ್ನ ಕಸುಬೇನು?'

ಐದನೇ ದಿನ ನಾಲ್ಕು ಇಂಚಿನ ಫೋಮು ಬಂತು. ಒತ್ತಿ ನೋಡಿದರೆ ಮೋಡ. ಕೂತರೆ ಮೋಡ ಕರಗಿ ಕೆಳಗಿನ ಬಂಡೆ ಅಲ್ಲಿಯೇ ಇತ್ತು. ಅಷ್ಟೇ ಅಲ್ಲ, ದಾರಿಯುದ್ದಕ್ಕೂ ಅದು ಎಡಕ್ಕೆ ಜಾರುತ್ತಿತ್ತು. ಟ್ಯಾಂಕು ತಲುಪುವ ಹೊತ್ತಿಗೆ ಯಜಮಾನರು ಯಾರದೋ ಮನೆಯ ಕಿಟಕಿಯೊಳಗೆ ಇಣುಕುವವರ ಹಾಗೆ ವಾಲಿಕೊಂಡಿದ್ದರು.

ಒಂಬತ್ತನೇ ದಿನಕ್ಕೆ ಅವರಿಗೆ ಜ್ಞಾನೋದಯವಾಯಿತು: ದೋಷ ಮೆತ್ತನೆಯದ್ದಲ್ಲ, ಅಗಲದ್ದು. ಎಷ್ಟಗಲದ ಮನುಷ್ಯನೋ ಅಷ್ಟಗಲದ ಸೀಟು, ಇದು ಕೂಡ ಗುರುಗಳ ಮಾತೇ. ಹಲಗೆ ಕೊಯ್ದು, ಮೇಲೆ ರೆಕ್ಸಿನ್ ಬಿಗಿದು, ತಮ್ಮ ಅಳತೆಗೆ ಸರಿಯಾಗಿ ಒಂದು ಸೀಟು ಮಾಡಿದರು. ನೋಡಲು ಭವ್ಯವಾಗಿತ್ತು. ಆದರೆ ಅದರ ಮೇಲೆ ಕೂತರೆ ತೊಡೆಗಳು ಕೆಳಗೆ ಬರಲೊಪ್ಪಲಿಲ್ಲ. ಪೆಡಲಿಗೆ ಕಾಲಿನ ತುದಿ ಮಾತ್ರ ಸಿಗುತ್ತಿತ್ತು. ಮೂರು ಕಿಲೋಮೀಟರು ಹೋಗಲು ಮುಕ್ಕಾಲು ಗಂಟೆ ಹಿಡಿಯಿತು. ತೊಡೆಯ ಒಳಭಾಗ ತಿಕ್ಕಿ ತಿಕ್ಕಿ ಹೊಸದೊಂದು ಇಲಾಖೆಯಲ್ಲಿ ಉರಿ ಶುರುವಾಯಿತು. ಅವತ್ತಿಡೀ ಅವರು ಬಾತುಕೋಳಿಯಂತೆ ನಡೆದರು.

"ಸಾಕು ಕಣ್ರೀ," ಎಂದರು ಹೆಂಡತಿ, ಮೊಹರು ಒತ್ತುತ್ತ. ನಿಜವಾಗಿ ಕನಿಕರದಿಂದಲೇ ಅಂದರು. "ಒಂದು ನಾಲ್ಕು ದಿನ ವಿಶ್ರಾಂತಿ ತಗೊಳ್ಳಿ. ಮತ್ತೆ ಮೊದಲಿಂದ ಶುರು ಮಾಡಿ."

"ಮೊದಲಿಂದ ಅಂದ್ರೆ?"

"ಒಂದರಿಂದ."

"ನನಗೆ ಏನಾಗಿದೆ? ಚೆನ್ನಾಗೇ ಇದ್ದೀನಿ," ಎಂದು ಯಜಮಾನರು ಬಾತುಕೋಳಿಯ ಗಾಂಭೀರ್ಯದಿಂದ ಒಳಗೆ ಹೋದರು.

ಹದಿಮೂರನೇ ದಿನ ಹೊಸ ಸ್ಪ್ರಿಂಗು. ಅಂಗಡಿಯಲ್ಲಿದ್ದ ಅತ್ಯುತ್ತಮ ಉಕ್ಕಿನವು, ನಾಲ್ಕು. ಸಮ ರಸ್ತೆಯಲ್ಲಿ ಅಂಥ ಸುಖ ಇನ್ನೊಂದಿಲ್ಲ. ಆದರೆ ಟ್ಯಾಂಕಿನ ದಾರಿಯಲ್ಲಿ ಏಳು ಹಂಪುಗಳಿವೆ. ಮೊದಲ ಹಂಪಿನಲ್ಲಿ ಯಜಮಾನರು ಮೇಲೆ ಹೋದರು, ಸೈಕಲ್ ಮುಂದೆ ಹೋಯಿತು, ಅದೃಷ್ಟಕ್ಕೆ ಇಬ್ಬರೂ ಮತ್ತೆ ಭೇಟಿಯಾದರು. ನಾಲ್ಕನೇ ಹಂಪಿನಲ್ಲಿ ಭೇಟಿಯಾಗಲಿಲ್ಲ. ಮೈಮೇಲಿನ ಮಣ್ಣು ಕೊಡವಿ, ಸುತ್ತ ನೋಡಿ, ಯಾರೂ ಕಂಡಿಲ್ಲವೆಂದು ಖಾತ್ರಿಪಡಿಸಿಕೊಂಡು ಮತ್ತೆ ಹತ್ತಿದರು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ. (ಮೀಸೆಯನ್ನು ಅವರು ಮನೆಗೆ ಹೋಗುವ ಮುಂಚೆ ಒರೆಸಿಕೊಂಡಿದ್ದರು.)

ಹದಿನಾಲ್ಕನೇ ದಿನ, ಕರ್ಚೀಫು ಹಾಸಿದ ಬರೀ ಸೀಟಿನ ಮೇಲೆ ಕಣ್ಣೀರು ತಡೆದುಕೊಂಡು ಹೋಗಿಬಂದು, ಅಂಗಡಿಯಲ್ಲಿ ನಿಂತು ಯೋಚಿಸುತ್ತಿದ್ದಾಗ ಅವರಿಗೆ ಹೊಳೆಯಿತು. ಹೊಸ ಸ್ಪ್ರಿಂಗಿಗೆ ಮನುಷ್ಯನ ಪರಿಚಯವಿರುವುದಿಲ್ಲ. ಅದು ಯಾರನ್ನು ಬೇಕಾದರೂ ಎಗರಿಸುತ್ತದೆ. ಹತ್ತೊಂಬತ್ತು ವರ್ಷ ಒಬ್ಬನದೇ ಭಾರ ಹೊತ್ತು ಪಳಗಿದ ಸ್ಪ್ರಿಂಗಾದರೆ ಬೇರೆ. ಅದು ಎಲ್ಲಿ ಬಗ್ಗಬೇಕೋ ಅಲ್ಲಿ ಬಗ್ಗುತ್ತದೆ. ಅಂಥ ಸ್ಪ್ರಿಂಗುಗಳು ಈ ಲೋಕದಲ್ಲಿ ಒಂಬತ್ತೇ ಒಂಬತ್ತು ಇದ್ದವು.

ಮಧ್ಯಾಹ್ನ ಮನೆಗೆ ಬಂದರು. ಹೆಂಡತಿ ಲೈಬ್ರರಿಯಲ್ಲಿ, ಮಗಳು ಕಾಲೇಜಿನಲ್ಲಿ. ಕುರ್ಚಿಯನ್ನು ಬೋರಲು ಹಾಕಿ, ಮೊಳೆ ಕಿತ್ತು, ಅಡಿಯ ಕ್ಯಾನ್ವಾಸ್ ಪಟ್ಟಿ ಬಿಚ್ಚಿದರು. ಒಳಗೆ ಹಾಕಿದ ಕೈಯನ್ನು ಒಮ್ಮೆ ಹೊರಗೆಳೆದುಕೊಂಡರು. ಯಾವ ಕುರ್ಚಿ ಉಳಿಸಿಕೊಳ್ಳಲು ಇಷ್ಟೆಲ್ಲ ಪಾಡೋ ಅದರದೇ ಹೊಟ್ಟೆ ಕೊಯ್ಯುವುದೇ? 'ಹದಿನಾರು ದಿನ ಸಾಲ ಕೊಡು ಮಹಾರಾಯ, ಆಮೇಲೆ ನೀನು ನಿನ್ನ ಹಾಗೇ ಇರ್ತೀಯ,' ಎಂದು ಅದರ ಹಸಿರು ತೋಳು ಸವರಿದರು. ನಾಲ್ಕು ಸ್ಪ್ರಿಂಗು ಹೊರಬಂದವು.

ಹದಿನೈದನೇ ದಿನದ ಸವಾರಿಯನ್ನು ಯಜಮಾನರು ಸಾಯುವತನಕ ಮರೆಯುವುದಿಲ್ಲ. ಏಳೂ ಹಂಪು ದಾಟಿದರೂ ಸೈಕಲ್ಲೂ ಸವಾರನೂ ಜೊತೆಗೇ ಇದ್ದರು. ಉರಿ ಅರ್ಧಕ್ಕೆ ಇಳಿದಿತ್ತು. ಅರ್ಧ ಇಳಿಸಿದ್ದು ನಾಲ್ಕು ಸ್ಪ್ರಿಂಗಾದರೆ ಪೂರ್ತಿ ಇಳಿಸಲು ಎಷ್ಟು ಬೇಕೆಂಬುದು ಸಣ್ಣ ಲೆಕ್ಕ. ಮಾರನೇ ಮಧ್ಯಾಹ್ನ ಉಳಿದ ಐದೂ ಬಂದವು, ಎರಡು ಸಾಲಾಗಿ ಒಂದರ ಮೇಲೊಂದು ಕೂತವು. ಅದರ ಮಾರನೇ ದಿನ ನಾರು. ಆಮೇಲೆ ಹತ್ತಿ. ಕಡೆಗೆ ಕುರ್ಚಿಯ ಸೀಟಿನ ಹಳೇ ಹೊದಿಕೆಯೂ ಬಂತು. ಕುರ್ಚಿಗೆ ಅದೇ ಬಣ್ಣದ ಹೊಸ ತುಂಡು ಹೊದಿಸಿದರು. ಸೀಟು ಈಗ ಸೈಕಲ್ಲಿನ ಮೇಲೆ ಒಂದು ಗೋಪುರದ ಹಾಗೆ ಎದ್ದು ನಿಂತಿತ್ತು; ಅದೆಲ್ಲ ಅಂಗಡಿಯ ಸಾಮಾನೆಂದೇ ಮನೆಯವರು ತಿಳಿದಿದ್ದರು. ನೋವು ಮಾಯವಾಗಿತ್ತು, ಹುಡುಕಿದರೂ ಸಿಗುತ್ತಿರಲಿಲ್ಲ.

ಒಂದೇ ಒಂದು ಕೊರತೆ. ಸೀಟು ಎತ್ತರವಾದ್ದರಿಂದ ಅಂಗಾಲು ನೆಲಕ್ಕೆ ಊರುತ್ತಿರಲಿಲ್ಲ. ನಿಂತಾಗ ಬೆರಳ ತುದಿ ಮಾತ್ರ ತಾಗುತ್ತಿತ್ತು. ಗುರುಗಳಿದ್ದಿದ್ದರೆ ಏನನ್ನುತ್ತಿದ್ದರೋ ಎಂದು ಯಜಮಾನರಿಗೆ ಒಳಗೊಳಗೇ ನಾಚಿಕೆ. ಇಂಥ ಅದ್ಭುತ ಸೀಟಿನಲ್ಲಿ ಇದೊಂದು ದೋಷ ಉಳಿಯಿತಲ್ಲ ಎಂದು ಕೊರಗುತ್ತಲೇ ದಿನಾ ಟ್ಯಾಂಕು ಮುಟ್ಟಿ ಬಂದರು.

ಇತ್ತ ಕುರ್ಚಿಯ ಟೊಳ್ಳು ಹೊಟ್ಟೆಗೆ ರಟ್ಟಿನ ಡಬ್ಬಗಳನ್ನೂ ಹಳೇ ಪೇಪರನ್ನೂ ತುಂಬಿಸಿ, ಅಡಿಯಲ್ಲಿ ಕಪ್ಪು ಬಟ್ಟೆ ಎಳೆದು ಹೊಡೆದಿದ್ದರು. ಕಸುಬುದಾರನ ಕೈ, ಹೊರಗಿನಿಂದ ಒಂದು ನೆರಿಗೆಯೂ ಕಾಣುತ್ತಿರಲಿಲ್ಲ. ಆದರೆ ಕೂರುವಂತಿರಲಿಲ್ಲ. ಸಂಜೆ ಅಂಗಡಿಯಿಂದ ಬಂದವರು ಬಾಗಿಲ ಬಳಿ, ಅಡುಗೆಮನೆಯಲ್ಲಿ, ಅಂಗಳದಲ್ಲಿ ಓಡಾಡಿಕೊಂಡಿರುತ್ತಿದ್ದರು.

"ಯಾಕ್ರೀ, ಕುರ್ಚೀಲಿ ಕೂರಲ್ವಾ?" ಎಂದು ಕೇಳಿದರು ಹೆಂಡತಿ.

"ಏನೋ ಮೈಯೆಲ್ಲ ಹಗುರ ಆಗಿದೆ ಕಣೆ. ಕೂರಬೇಕು ಅನ್ನಿಸೋದೇ ಇಲ್ಲ."

ಹೆಂಡತಿ ಕನ್ನಡಕ ತೆಗೆದು ಗಂಡನನ್ನು ನೋಡಿದರು. ನಿಜವಾಗಿಯೂ ಹೊಟ್ಟೆ ಇಳಿದಿತ್ತು. ಮೆಟ್ಟಿಲು ಹತ್ತಿದರೂ ಉಸಿರು ಉಸಿರಾಗಿಯೇ ಇತ್ತು. ಇಪ್ಪತ್ತೆರಡು ವರ್ಷದಲ್ಲಿ ಈ ಮನುಷ್ಯ ಹಿಡಿದ ಕೆಲಸವನ್ನು ಇಷ್ಟು ದಿನ ಬಿಡದೆ ಮಾಡಿದ್ದನ್ನು ಅವರು ಕಂಡಿರಲಿಲ್ಲ. ಅವರಿಗೆ ಸಂತೋಷವಾಯಿತು, ಸ್ವಲ್ಪ ಅಪರಾಧಿ ಭಾವವೂ ಆಯಿತು. ಇಪ್ಪತ್ತೈದನೇ ದಿನ ತಮ್ಮ ಪುಸ್ತಕದ ಬೀರುವನ್ನು ಖಾಲಿ ಮಾಡಿ, ಅರ್ಧ ಪುಸ್ತಕಗಳನ್ನು ಲೈಬ್ರರಿಗೆ ಕೊಟ್ಟು, ಬೀರು ಇದ್ದ ಗೋಡೆಗೆ ಮಗಳ ಬೋರ್ಡು ಹಾಕಿಸಿದರು.

"ಕಿಟಕಿ ಪಕ್ಕ ಅಂದಿದ್ಯಲ್ಲಮ್ಮ?" ಎಂದಳು ಮಗಳು.

"ನಿಮ್ಮಪ್ಪ ಗೆಲ್ತಾರೆ ಕಣೆ. ಗೆದ್ದ ಮೇಲೆ ಕೊಸರಾಡೋದು ನನಗೆ ಇಷ್ಟ ಇಲ್ಲ."

ಒಳಗಿನಿಂದ ಯಜಮಾನರು ಇದನ್ನು ಕೇಳಿದರು. ಎಲ್ಲ ಹೇಳಿಬಿಡೋಣ ಎಂದು ಒಂದು ಹೆಜ್ಜೆ ಮುಂದಿಟ್ಟರು. ಇನ್ನು ಐದೇ ದಿನವೆಂದು ಎರಡು ಹೆಜ್ಜೆ ಹಿಂದಿಟ್ಟರು.

ಮೂವತ್ತನೇ ದಿನ ಟ್ಯಾಂಕಿನ ಕಾವಲುಗಾರ ಎದ್ದು ನಿಂತು ಸಲಾಮು ಹೊಡೆದ. ವಾಪಸು ಬರುವಾಗ ಯಜಮಾನರು ಬೇಕೆಂದೇ ದೊಡ್ಡ ರಸ್ತೆಯಲ್ಲಿ ಒಂದು ಸುತ್ತು ಹೆಚ್ಚು ಹೊಡೆದರು. ಮನೆಯಲ್ಲಿ ತಾಯಿ ಮಗಳು ಬಾಗಿಲಲ್ಲೇ ಕಾದಿದ್ದರು. ಹೆಂಡತಿ ಕಡೆಯ ಚೌಕಕ್ಕೆ ಮೊಹರು ಒತ್ತಿ, ಶಾಯಿ ಒಣಗಲೆಂದು ಕಾರ್ಡಿಗೆ ಉಸಿರೂದಿದರು.

"ನಾನು ಸೋತೆ," ಎಂದರು. "ನೀವು ಮಾಡಲ್ಲ ಅಂದ್ಕೊಂಡಿದ್ದೆ. ತಪ್ಪಾಯ್ತು. ಇನ್ನು ಈ ಕುರ್ಚಿ ತಂಟೆಗೆ ನಾನು ಬರಲ್ಲ. ಹತ್ತೊಂಬತ್ತು ವರ್ಷ ಬರೀ ಬೈದಿದ್ದೇ ಆಯ್ತು, ಒಂದ್ಸಲಾನೂ ಕೂತು ನೋಡ್ಲಿಲ್ಲ. ಇವತ್ತು ಮರ್ಯಾದೆಯಾಗಿ ಕೂತು ನೋಡ್ತೀನಿ."

"ಬೇಡ," ಎಂದರು ಯಜಮಾನರು.

"ಯಾಕೆ?"

"ಧೂಳು."

"ಬೆಳಿಗ್ಗೆ ನಾನೇ ಒರೆಸಿದೀನಲ್ಲ," ಎಂದು ಹೆಂಡತಿ ಸೆರಗು ಸರಿಪಡಿಸಿಕೊಂಡು, ಎರಡೂ ತೋಳಿನ ಮೇಲೆ ಕೈಯಿಟ್ಟು, ಕೂತರು.

ರಟ್ಟು ಕುಸಿದ ಸದ್ದು ಮೊದಲು ಬಂತು. ಆಮೇಲೆ ಬಟ್ಟೆ ಹರಿದದ್ದು. ಲೈಬ್ರರಿಯಮ್ಮ ಕಣ್ಣೆದುರಿಗೇ ಮಧ್ಯಕ್ಕೆ ಮಡಚಿಕೊಂಡರು. ಅಂಚಿನ ಮೇಲೆ ಉಳಿದದ್ದು ಎರಡು ಕೈ, ಎರಡು ಪಾದ, ಒಂದು ಮುಖ. ಐದೂ ಅಕ್ಕಪಕ್ಕದಲ್ಲಿದ್ದವು.

"ರೀ," ಎಂದಿತು ಮುಖ, ಶಾಂತವಾಗಿ. "ಕೆಳಗೆ ನೆಲ ತಾಗ್ತಿದೆ."

ತಂದೆ ಮಗಳು ಸೇರಿ ಎಳೆದರು. ಮಗಳು ನಗು ತಡೆಯಲಾಗದೆ ಎರಡು ಸಲ ಕೈ ಬಿಟ್ಟಳು. ಎರಡು ಸಲವೂ ಅಮ್ಮ ಮತ್ತೆ ಒಳಗೆ ಹೋದರು. ಮೂರನೇ ಸಲಕ್ಕೆ ಹೊರಬಂದ ಹೆಂಡತಿಯ ಸೀರೆಗೆ ಒಂದು ಪೇಪರಿನ ಹಾಳೆ ಅಂಟಿತ್ತು. ಮಗಳು ಬಗ್ಗಿ ಕುರ್ಚಿಯ ಹೊಟ್ಟೆಯೊಳಗೆ ನೋಡಿದಳು.

"ಅಪ್ಪಾ, ಇದ್ರಲ್ಲಿ ಏನೂ ಇಲ್ಲ."

ಯಜಮಾನರು ತಲೆ ತಗ್ಗಿಸಿ ಎಲ್ಲ ಹೇಳಿದರು, ಸ್ಪ್ರಿಂಗಿನಿಂದ ಹತ್ತಿಯವರೆಗೆ. ಹೆಂಡತಿ ಕೇಳಿಸಿಕೊಂಡರು. ಲೈಬ್ರರಿಯ ಮೇಜಿನ ಹಿಂದೆ ಕೂತಾಗ ಬರುವ ಮುಖ ಬಂದಿತ್ತು.

"ಅಂದ್ರೆ ಪುಸ್ತಕ ವಾಪಸ್ ಬಂದಿದೆ. ಒಳಗೆ ಹಾಳೆ ಇಲ್ಲ, ಬರೀ ರಟ್ಟು."

"ಹಾಳೆ ಎಲ್ಲೂ ಹೋಗಿಲ್ಲ ಕಣೆ. ಸೈಕಲ್ ಮೇಲಿದೆ."

"ಸವಾರಿ ಮೂವತ್ತೂ ಆಗಿದೆ, ಅದನ್ನ ಇಲ್ಲ ಅನ್ನಲ್ಲ. ಕೊಟ್ಟ ಮಾತು ಕೊಟ್ಟಿದ್ದೇ. ಆದ್ರೆ ನಾನು ಇಟ್ಕೋತೀನಿ ಅಂದಿದ್ದು ಕುರ್ಚೀನ, ಪೇಪರ್ ಡಬ್ಬಾನ ಅಲ್ಲ. ಇವತ್ತು ಸಂಜೆ ಒಳಗೆ ಎಲ್ಲ ಇದ್ದ ಹಾಗೆ ಒಳಗೆ ಹೋಗಿರ್ಬೇಕು."

"ನಾಳೆ ಸೈಕಲ್ ತುಳಿಯೋದು ಹೇಗೆ?"

"ಅದು ನಿಮ್ಮ ಕಸುಬು, ನಿಮಗೆ ಗೊತ್ತು," ಎಂದು ಹೆಂಡತಿ ಸೊಂಟ ಹಿಡಿದುಕೊಂಡು ಒಳಗೆ ಹೋದರು.

ಗೋಪುರದ ಕೆಳಗಿನ ನಟ್ಟು ಯಜಮಾನರ ಭಾರಕ್ಕೆ ಬಿಗಿದುಹೋಗಿತ್ತು. ಸೈಕಲ್ಲನ್ನು ಲೈಬ್ರರಿ ರಸ್ತೆಯ ಸೈಕಲ್ ಶಾಪಿಗೆ ತಳ್ಳಿಕೊಂಡು ಹೋದರು. ಅಲ್ಲಿನ ತಾತ ಐವತ್ತು ವರ್ಷದಿಂದ ಪಂಕ್ಚರು ಹಾಕುತ್ತಿದ್ದವರು. ಅವರು ಗೋಪುರವನ್ನು ಒಂದು ಸುತ್ತು ಬಂದು ನೋಡಿ, ಏನೂ ಕೇಳದೆ, ಸುತ್ತಿಗೆಯಲ್ಲಿ ಎರಡು ತಟ್ಟಿ ಬಿಚ್ಚಿದರು. ಸ್ಪ್ರಿಂಗು, ನಾರು, ಹತ್ತಿ ಎಲ್ಲ ಒಂದು ಚೀಲಕ್ಕಿಳಿಯಿತು. ಹಳೇ ಚರ್ಮದ ಸೀಟು ಮತ್ತೆ ಅದರ ಜಾಗಕ್ಕೆ ಬಂತು. ಆಮೇಲೆ ತಾತ ಸೀಟಿನ ಕಂಬಿಯನ್ನು ನಾಲ್ಕು ಬೆರಳು ಮೇಲೆಳೆದು, ಸ್ಪಾನರಿನಿಂದ ಎರಡು ಸುತ್ತು ಬಿಗಿದು, "ಹತ್ತಿ ನೋಡಿ," ಎಂದರು.

"ಅಷ್ಟೆತ್ತರಕ್ಕೆ? ಅಂಗಾಲು ಊರಲ್ವಲ್ಲ."

"ಊರಬಾರ್ದು. ಹತ್ತಿ ಯಜಮಾನ್ರೇ."

ಯಜಮಾನರು ಹತ್ತಿದರು. ರಸ್ತೆಯ ಆ ತುದಿಗೆ ಹೋದರು, ಈ ತುದಿಗೆ ಬಂದರು. ಮತ್ತೊಮ್ಮೆ ಹೋದರು. ಹಂಪಿದ್ದ ಕಡೆ ಬೇಕೆಂದೇ ಹೋದರು. ನೋವಿರಲಿಲ್ಲ. ಒಂಬತ್ತು ಸ್ಪ್ರಿಂಗೂ ಚೀಲದಲ್ಲಿದ್ದವು, ಆದರೂ ನೋವಿರಲಿಲ್ಲ. ಅವರು ಇಳಿದು ಶಾಪಿನ ಮೆಟ್ಟಿಲ ಮೇಲೆ ಕೂತರು.

"ಇಷ್ಟೇನಾ ತಾತ?"

"ಇಷ್ಟೇ. ಸೈಕಲ್ ಸೀಟು ಕೂರೋಕಲ್ಲ ಯಜಮಾನ್ರೇ, ಸುಮ್ನೆ ತಾಗಿಸ್ಕೊಳ್ಳೋಕೆ. ಭಾರ ಕಾಲಿಗೆ ಹೋಗ್ಬೇಕು. ನೀವು ಸೀಟನ್ನ ಪಾತಾಳಕ್ಕಿಳಿಸಿ, ಮಂಡಿ ಮಡಚಿ, ಇದ್ದ ಭಾರಾನೆಲ್ಲ ಅಂಗೈಯಗಲ ಚರ್ಮದ ಮೇಲೆ ಹೇರಿದ್ರಿ. ಆಮೇಲೆ ಈ ಕುರ್ಚಿ ತಂದು ಕಟ್ಟಿದ್ರಿ. ಅದು ಮಾಡಿದ್ದು ಒಂದೇ ಕೆಲಸ, ನಿಮ್ಮನ್ನ ನಾಲ್ಕು ಬೆರಳು ಮೇಲೆತ್ತಿದ್ದು. ಒಂದು ಮರದ ತುಂಡು ಕಟ್ಟಿದ್ರೂ ಆಗ್ತಿತ್ತು."

ಬೆಟ್ಟ ಅಗೆದು ಇಲಿ ಹಿಡಿದರೆ ಇಲಿಯಾದರೂ ಕೈಗೆ ಸಿಗುತ್ತದೆ. ಯಜಮಾನರಿಗೆ ಸಿಕ್ಕಿದ್ದು ಎರಡು ಸುತ್ತು ಸ್ಪಾನರು. ತಾವು ಕೊರತೆಯೆಂದು ನಾಚಿಕೊಂಡದ್ದೇ ಮದ್ದಾಗಿತ್ತು. ಮದ್ದೆಂದು ಹೆಮ್ಮೆಪಟ್ಟದ್ದಕ್ಕೆ ಕುರ್ಚಿಯ ಹೊಟ್ಟೆ ಕೊಯ್ದಿದ್ದರು. ಅವರಿಗೆ ತುಂಬ ಬೇಜಾರಾಯಿತು.

"ತಾತ, ಒಂದು ಉಪಕಾರ. ಇದು ನಮ್ಮಿಬ್ಬರಲ್ಲೇ ಇರ್ಲಿ. ನಮ್ಮ ಮನೆಯವಳು ದಿನಾ ಈ ದಾರೀಲೇ ಹೋಗೋಳು."

"ನನಗ್ಯಾಕೆ ಊರ ಉಸಾಬರಿ," ಎಂದರು ತಾತ.

ಸಂಜೆಯೊಳಗೆ ಕುರ್ಚಿ ಸಿದ್ಧವಾಯಿತು. ಯಜಮಾನರು ತಮ್ಮ ಮೂವತ್ತು ವರ್ಷದ ವಿದ್ಯೆಯನ್ನೆಲ್ಲ ಅದಕ್ಕೆ ಧಾರೆಯೆರೆದರು. ಒಂದೊಂದು ಸ್ಪ್ರಿಂಗನ್ನೂ ಅದರದೇ ಜಾಗದಲ್ಲಿ ಕಟ್ಟಿದರು. ನಾರು ಬಿಡಿಸಿ ಹಾಸಿದರು, ಹತ್ತಿ ಹಿಂಜಿ ತುಂಬಿದರು. ಹೆಂಡತಿ ಮತ್ತು ಮಗಳು ನೋಡುತ್ತಿದ್ದಂತೆ, ಮೂವತ್ತು ದಿನದ ತಪಸ್ಸಿನ ಫಲವನ್ನು ಅನುಭವಿಸಲು ಕಣ್ಣು ಮುಚ್ಚಿ ಅದರಲ್ಲಿ ಇಳಿದರು.

ಐದು ನಿಮಿಷಕ್ಕೆ ಸೊಂಟ ಹಿಡಿಯಿತು. ಹತ್ತು ನಿಮಿಷಕ್ಕೆ ಕಾಲು ಜೋಮು. ಕುರ್ಚಿಯ ಗುಂಡಿ ಒಬ್ಬ ದಪ್ಪ ಮನುಷ್ಯನ ಅಳತೆಗಿತ್ತು. ಆ ಮನುಷ್ಯ ಟ್ಯಾಂಕಿನ ದಾರಿಯಲ್ಲಿ ಎಲ್ಲೋ ಇಳಿದುಹೋಗಿದ್ದ. ಉಳಿದವನಿಗೆ ಅತ್ತ ಒರಗಿದರೆ ಇತ್ತ ಖಾಲಿ, ಇತ್ತ ಒರಗಿದರೆ ಅತ್ತ. ಕಾಲುಗಳಂತೂ ತುಳಿಯಲು ಏನಾದರೂ ಸಿಗುವುದೇ ಎಂದು ತಮ್ಮಷ್ಟಕ್ಕೆ ತಾವೇ ಆಡುತ್ತಿದ್ದವು.

"ಹೇಗಿದೆ?" ಎಂದರು ಹೆಂಡತಿ.

"ಸ್ವರ್ಗ," ಎಂದರು ಯಜಮಾನರು.

ಮಾರನೇ ದಿನ ಅಡಿ ಬಿಚ್ಚಿ ನೋಡಿದರು. ನಾರು ಹೆಚ್ಚಿಸಿದರು, ಹತ್ತಿ ಕಡಿಮೆ ಮಾಡಿದರು. ಮೂರು ದಿನ ಹುಡುಕಿದ ಮೇಲೆ ಒಪ್ಪಿಕೊಳ್ಳಬೇಕಾಯಿತು: ಕುರ್ಚಿಯಲ್ಲಿ ದೋಷವಿಲ್ಲ, ಕೂತವನಲ್ಲಿದೆ. ಬೆಳಿಗ್ಗೆ ಸೈಕಲ್ಲಿನ ಮೇಲೆ ಅರ್ಧ ಗಂಟೆ ಹಕ್ಕಿಯಂತೆ ಹೋಗಿಬರುವ ಮನುಷ್ಯ ಸಂಜೆ ಒಂದು ಗಂಟೆ ಆ ಗುಂಡಿಯಲ್ಲಿ ನಗುಮುಖ ಹೊತ್ತು ನರಳುತ್ತಿದ್ದರು. ಎದ್ದು ಓಡಾಡೋಣವೆಂದರೆ ಹೆಂಡತಿ ಎದುರಿಗೇ ಪುಸ್ತಕ ಹಿಡಿದು ಕೂತಿರುತ್ತಿದ್ದರು. "ಯಾಕ್ರೀ, ಸರಿಯಿಲ್ವಾ?" ಎಂದು ಅವರು ಅಷ್ಟು ಪ್ರೀತಿಯಿಂದ ಕೇಳಿದರೆ ಯಾವ ಗಂಡಸು ತಾನೇ ನಿಜ ಹೇಳಿಯಾನು? ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ವಾರ ಕಳೆದ ಮೇಲೆ ಯಜಮಾನರು ಮಗಳನ್ನು ಅಂಗಳಕ್ಕೆ ಕರೆದರು.

"ನಿನ್ನ ಬೋರ್ಡಿಗೆ ಆ ಗೋಡೆ ಹತ್ರ ಬೆಳಕು ಸಾಲ್ತಾ ಇಲ್ಲ, ಅಲ್ವಾ ಮಗಳೇ?"

"ಸಾಲುತ್ತೆ ಅಪ್ಪ. ದೀಪ ಹಾಕಿಸಿದಾರಲ್ಲ ಅಮ್ಮ."

"ಕಿಟಕಿ ಬೆಳಕೇ ಬೇರೆ. ಅಮ್ಮನ ಹತ್ರ ಹೋಗಿ ಕಣ್ಣು ನೋವು ಅಂತ ಹೇಳು."

"ಸುಳ್ಳು ಹೇಳು ಅಂತಿದ್ಯಾ?"

"ಸುಳ್ಳಲ್ಲ. ಇರೋದನ್ನೇ ಸ್ವಲ್ಪ ದೊಡ್ಡದು ಮಾಡಿ ಹೇಳು."

ಮಗಳು ಅಪ್ಪನ ಮುಖ ನೋಡಿ ಪಾಪ ಅನ್ನಿಸಿ, ಅವತ್ತು ಸಂಜೆಯೇ ಹೇಳಿದಳು. ಹೆಂಡತಿ ಪುಸ್ತಕದಿಂದ ತಲೆಯೆತ್ತಲಿಲ್ಲ.

"ಕಣ್ಣು ನೋವಾದ್ರೆ ಇನ್ನೊಂದು ದೀಪ ಹಾಕಿಸ್ತೀನಿ. ಕುರ್ಚಿ ಕದಲಲ್ಲ."

"ಹೋಗ್ಲಿ ಬಿಡೆ," ಎಂದರು ಯಜಮಾನರು ಗುಂಡಿಯೊಳಗಿನಿಂದ, ಆದಷ್ಟು ಉದಾರವಾಗಿ. "ಮಗಳ ಓದಿಗಿಂತ ನನಗೆ ಕುರ್ಚಿ ಹೆಚ್ಚಾ? ತ್ಯಾಗ ಮಾಡೋಕೆ ನಾನು ಸಿದ್ಧ."

"ನೀವು ಮಾಡ್ತೀರಿ, ಗೊತ್ತು. ಆದ್ರೆ ಮಾಡಿಸ್ಕೊಳ್ಳೋಕೆ ನಾನು ಸಿದ್ಧ ಇಲ್ಲ. ಇದಕ್ಕೋಸ್ಕರ ಎಷ್ಟು ಹಿಂಸೆ ಪಟ್ಟಿದೀರಿ ಅಂತ ನಾನು ಕಣ್ಣಾರೆ ನೋಡಿದೀನಿ." ಹೆಂಡತಿ ಹಾಳೆ ತಿರುವಿದರು. "ಅಂದ ಹಾಗೆ, ಸೈಕಲ್ ಶಾಪಿನ ತಾತ ಮೊನ್ನೆಯಿಂದ ಲೈಬ್ರರಿಗೆ ಪೇಪರ್ ಓದೋಕೆ ಬರ್ತಿದಾರೆ. 'ಯಜಮಾನ್ರು ಕುರ್ಚೀಲಿ ಕೂತಿದಾರಾ' ಅಂತ ದಿನಾ ವಿಚಾರಿಸ್ತಾರೆ. ವಿಚಾರಿಸಿ, ಗಾಳೀಲಿ ಸ್ಪಾನರ್ ಎರಡು ಸುತ್ತು ತಿರುಗಿಸಿದ ಹಾಗೆ ಮಾಡಿ, ಒಬ್ಬರೇ ನಗ್ತಾರೆ."

ಯಜಮಾನರು ಏಳಲೆಂದು ತೋಳುಗಳ ಮೇಲೆ ಊರಿದ್ದ ಕೈ ಅಲ್ಲೇ ನಿಂತಿತು.

"ನೀನೇನು ಹೇಳ್ದೆ?"

"ಕೂತಿದಾರೆ, ಮುಂದೆಯೂ ಕೂತಿರ್ತಾರೆ ಅಂದೆ. ಏಳ್ಬೇಡಿ, ಇನ್ನೂ ಮುಕ್ಕಾಲು ಗಂಟೆ ಇದೆ ಊಟಕ್ಕೆ."

ಯಜಮಾನರು ಕೈ ಸಡಿಲಿಸಿ ಮತ್ತೆ ಕೆಳಗಿಳಿದರು.